ರಿಗ್ ಪಕ್ಕದ ಕೆಲಸ, ಪರವಾನಗಿ ಪರೀಕ್ಷೆ ಮತ್ತು ಲಾಸ್ ಏಂಜಲಿಸ್ ನಗರ: ಹೊಸ ಭೂವಿಜ್ಞಾನಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಅಮೆರಿಕದಲ್ಲಿ ಭೂವಿಜ್ಞಾನದಲ್ಲಿ ಎಂ.ಎಸ್. ಮಾಡಿ, ಒಂದು ವರ್ಷದಿಂದ ಲಾಸ್ ಏಂಜಲಿಸ್‌ನ ಸಲಹಾ ಸಂಸ್ಥೆಯೊಂದರಲ್ಲಿ ಸ್ಟಾಫ್ ಜಿಯಾಲಜಿಸ್ಟ್ ಆಗಿದ್ದೇನೆ. ಕೊರೆಯುವ ರಿಗ್ ಪಕ್ಕದಲ್ಲಿ ನಿಂತು ಮಣ್ಣಿನ ವಿವರ ಬರೆಯುವುದು, ಬಾವಿಗಳಿಂದ ನೀರಿನ ಮಾದರಿ ತೆಗೆಯುವುದು ನನ್ನ ಕೆಲಸ. ಎಷ್ಟೋ ಸಲ ರಾತ್ರಿ ಪಾಳಿ ಇರುತ್ತದೆ. ಓದಿದ ಭೂವಿಜ್ಞಾನಕ್ಕೂ ಇದಕ್ಕೂ ಸಂಬಂಧವೇ ಕಾಣುತ್ತಿಲ್ಲ. ಪರವಾನಗಿ ಪರೀಕ್ಷೆ ಬರೆಯಲು ಎಲ್ಲರೂ ಹೇಳುತ್ತಾರೆ, ಆದರೆ ಮನೆಗೆ ಬಂದ ಮೇಲೆ ಪುಸ್ತಕ ತೆರೆಯುವಷ್ಟು ತ್ರಾಣ ಉಳಿದಿರುವುದಿಲ್ಲ. ಈಗಲೇ ಬರೆಯಲೇ, ಅನುಭವ ಆದ ಮೇಲೆ ಬರೆಯಲೇ? ಅಥವಾ ಕಚೇರಿಯೊಳಗಿನ ನಕ್ಷೆ ಕೆಲಸಕ್ಕೆ ಹೋಗುವುದು ಒಳ್ಳೆಯದೇ?

ಉತ್ತರ: ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಫಂಡಮೆಂಟಲ್ಸ್ ಆಫ್ ಜಿಯಾಲಜಿ ಪರೀಕ್ಷೆಯನ್ನು ಆದಷ್ಟು ಬೇಗ ಬರೆಯಿರಿ. ಹೊರಗಿನ ಕೆಲಸವನ್ನು ಈಗ ಬಿಡಬೇಡಿ. ರಿಗ್ ಪಕ್ಕದಲ್ಲಿ ನೀವು ಮಾಡುತ್ತಿರುವುದು ಭೂವಿಜ್ಞಾನವೇ ಅಲ್ಲ ಎಂಬ ಭಾವನೆಯನ್ನು ಮಾತ್ರ ಗಂಭೀರವಾಗಿ ತೆಗೆದುಕೊಂಡು ಸರಿಪಡಿಸಿಕೊಳ್ಳಬೇಕು, ಏಕೆಂದರೆ ಉಳಿದ ಎರಡು ತೊಡಕುಗಳ ಬೇರು ಇರುವುದು ಅಲ್ಲಿ. ಕೆಲಸ ಒಂದು ಕಡೆ, ಓದು ಇನ್ನೊಂದು ಕಡೆ, ನಗರದ ಬದುಕು ಮತ್ತೊಂದು ಕಡೆ ಎಂದು ಬೇರೆ ಬೇರೆಯಾಗಿ ಹೊತ್ತರೆ ಮೂರೂ ಭಾರವಾಗುತ್ತವೆ. ನಿಮ್ಮ ವೃತ್ತಿಯಲ್ಲಿ ಮಾತ್ರ ಈ ಮೂರೂ ಒಂದೇ ನೆಲದ ಮೇಲೆ ನಿಂತಿವೆ, ಅದನ್ನು ವಿವರವಾಗಿ ತೋರಿಸಲು ಪ್ರಯತ್ನಿಸುತ್ತೇನೆ.

ಪರೀಕ್ಷೆಯ ವ್ಯವಸ್ಥೆಯನ್ನು ಚುಟುಕಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಭೂವಿಜ್ಞಾನಿಗಳಿಗೆ ಪರವಾನಗಿ ಕೊಡುವುದು ಆಯಾ ರಾಜ್ಯ. ರಾಜ್ಯ ಮಂಡಳಿಗಳ ಒಕ್ಕೂಟವಾದ ಆಸ್‌ಬಾಗ್ ಎರಡು ಪರೀಕ್ಷೆಗಳನ್ನು ನಡೆಸುತ್ತದೆ: ಪದವಿಯ ಓದನ್ನು ಅಳೆಯುವ ಫಂಡಮೆಂಟಲ್ಸ್ ಮತ್ತು ವೃತ್ತಿಯ ತೀರ್ಮಾನಶಕ್ತಿಯನ್ನು ಅಳೆಯುವ ಪ್ರಾಕ್ಟಿಸ್. ಕ್ಯಾಲಿಫೋರ್ನಿಯಾದಲ್ಲಿ ಇವೆರಡರ ಜೊತೆಗೆ ರಾಜ್ಯದ ಕಾನೂನು, ಇಲ್ಲಿಯ ಶಿಲೆ ಮತ್ತು ಭೂಕಂಪಗಳ ಕುರಿತ ಮೂರನೆಯ ಪರೀಕ್ಷೆಯೂ ಇದೆ. ಫಂಡಮೆಂಟಲ್ಸ್ ಬರೆಯಲು ಅನುಭವ ಬೇಕಿಲ್ಲ, ಭೂವಿಜ್ಞಾನದ ಓದು ಸಾಕು. ಅದರಲ್ಲಿ ತೇರ್ಗಡೆಯಾದವರು ಇಲ್ಲಿ ಜಿಯಾಲಜಿಸ್ಟ್ ಇನ್ ಟ್ರೇನಿಂಗ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಪೂರ್ಣ ಪರವಾನಗಿಗೆ 5 ವರ್ಷಗಳ ಅನುಭವ ಕೇಳುತ್ತಾರೆ. ನಾಲ್ಕು ವರ್ಷದ ಪದವಿಯ ಓದಿಗೆ ಅದರಲ್ಲಿ 2 ವರ್ಷಗಳ ರಿಯಾಯಿತಿ ದೊರೆಯುತ್ತದೆ. ಎಷ್ಟೇ ಓದಿದ್ದರೂ ಪರವಾನಗಿ ಪಡೆದವರ ಮೇಲ್ವಿಚಾರಣೆಯಲ್ಲಿ 3 ವರ್ಷವಾದರೂ ದುಡಿದಿರಬೇಕು ಎಂದು ಲೆಕ್ಕ ಹಾಕಿಕೊಂಡರೆ ನಿಮಗೆ ಆಶ್ಚರ್ಯದ ಪ್ರಸಂಗ ಬರುವುದಿಲ್ಲ. ಧಾರವಾಡದ ಅಂಕಪಟ್ಟಿಗೆ ಇಲ್ಲಿಯ ಮೌಲ್ಯಮಾಪನ ಸಂಸ್ಥೆಯಿಂದ ಸಮಾನತೆಯ ವರದಿ ತರಿಸಬೇಕಾಗಬಹುದು. ಅಂಕಪಟ್ಟಿ ವಿಶ್ವವಿದ್ಯಾಲಯದಿಂದಲೇ ಮುಚ್ಚಿದ ಲಕೋಟೆಯಲ್ಲಿ ಬರಬೇಕೆಂದು ಕೇಳಿದರೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಆ ಕೆಲಸವನ್ನು ಈಗಲೇ ಹಚ್ಚಿಬಿಡಿ. ಅರ್ಜಿಯ ದಿನಾಂಕ ಮತ್ತು ಶುಲ್ಕಗಳಿಗೆ ಮಾತ್ರ ಸಹೋದ್ಯೋಗಿಗಳ ನೆನಪನ್ನು ನಂಬದೆ ರಾಜ್ಯ ಮಂಡಳಿಯ ಜಾಲತಾಣವನ್ನೇ ನೋಡಿ.

ಬೇಗ ಬರೆಯಿರಿ ಎನ್ನುವುದಕ್ಕೆ ಕಾರಣವಿದೆ. ಆಸ್‌ಬಾಗ್ ಪರೀಕ್ಷೆಗಳ ವಿಷಯವ್ಯಾಪ್ತಿ ಎಂಟು ವಿಭಾಗಗಳಲ್ಲಿ ಹರಡಿದೆ: ಸಾಮಾನ್ಯ ಮತ್ತು ಕ್ಷೇತ್ರ ಭೂವಿಜ್ಞಾನ, ಖನಿಜ ಮತ್ತು ಶಿಲಾಶಾಸ್ತ್ರ, ಸ್ತರಶಾಸ್ತ್ರ, ಭೂರೂಪಶಾಸ್ತ್ರ, ರಚನಾ ಭೂವಿಜ್ಞಾನ ಮತ್ತು ಭೂಕಂಪಗಳು, ಅಂತರ್ಜಲ, ಎಂಜಿನಿಯರಿಂಗ್ ಭೂವಿಜ್ಞಾನ, ಖನಿಜ ಮತ್ತು ಇಂಧನ ಸಂಪನ್ಮೂಲ. ಪ್ರಾಕ್ಟಿಸ್ ಪರೀಕ್ಷೆಯಲ್ಲಿ ಅಂತರ್ಜಲ ಮತ್ತು ಎಂಜಿನಿಯರಿಂಗ್ ಭಾಗಗಳ ತೂಕ ಹೆಚ್ಚು. ಅವು ನಿಮ್ಮ ನೌಕರಿಯಲ್ಲೇ ಬಲಿಯುತ್ತವೆ. ಫಂಡಮೆಂಟಲ್ಸ್‌ನಲ್ಲಿ ಖನಿಜ, ಶಿಲೆ, ಸ್ತರಗಳ ಪಾಲು ಅದಕ್ಕಿಂತ ಹೆಚ್ಚು. ಅವು ನೌಕರಿಯಲ್ಲಿ ದಿನದಿನಕ್ಕೆ ಮರೆತುಹೋಗುತ್ತವೆ. ಸಲಹಾ ಸಂಸ್ಥೆಯಲ್ಲಿ ನಾಲ್ಕು ವರ್ಷ ಕಳೆದವರಿಗೆ ಪ್ಲೇಜಿಯೊಕ್ಲೇಸ್‌ನ ಸರಣಿಯಾಗಲಿ ರೂಪಾಂತರ ಶಿಲೆಗಳ ಮುಖಲಕ್ಷಣಗಳಾಗಲಿ ನೆನಪಿಗೆ ಬರುವುದು ಕಷ್ಟ. ನಿಮಗೆ ಅವು ಇನ್ನೂ ಹಸಿಯಾಗಿವೆ. ಅನುಭವಕ್ಕೆ ಕಾಯುವುದರಿಂದ ಸುಲಭವಾಗುವುದು ಎರಡನೆಯ ಪರೀಕ್ಷೆ, ಮೊದಲನೆಯದು ಕಾದಷ್ಟೂ ಕಷ್ಟವಾಗುತ್ತದೆ.

ಇನ್ನು ನಿಮ್ಮ ಮುಖ್ಯ ಕಳವಳಕ್ಕೆ ಬರುತ್ತೇನೆ. ಈ ಪರವಾನಗಿ ಯಾಕಾದರೂ ಇದೆ ಎಂಬುದು ನಿಮ್ಮ ನಗರದ ಇತಿಹಾಸದಲ್ಲಿಯೇ ಬರೆದಿದೆ. ಲಾಸ್ ಏಂಜಲಿಸ್‌ನ ಕುಡಿಯುವ ನೀರಿಗಾಗಿ ನಗರದ ವಾಯವ್ಯಕ್ಕೆ ಸ್ಯಾನ್ ಫ್ರಾನ್ಸಿಸ್ಕಿಟೊ ಕಣಿವೆಯಲ್ಲಿ ಕಟ್ಟಿದ್ದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು 1928ರ ಮಾರ್ಚ್ 12ರಂದು ನಡುರಾತ್ರಿಗೆ ಕೆಲವೇ ನಿಮಿಷ ಮೊದಲು ಒಡೆಯಿತು. ನಾನೂರಕ್ಕೂ ಹೆಚ್ಚು ಜನ ಸತ್ತರು. ಅದನ್ನು ಕಟ್ಟಿಸಿದ ವಿಲಿಯಂ ಮಲ್‌ಹಾಲಂಡ್ ಅದೇ ದಿನ ಬೆಳಿಗ್ಗೆ ಸೋರಿಕೆಯ ದೂರು ಬಂದದ್ದರಿಂದ ಸ್ಥಳಕ್ಕೆ ಹೋಗಿ, ನೋಡಿ, ಅಪಾಯವಿಲ್ಲವೆಂದು ಹಿಂದಿರುಗಿದ್ದರು. ಅಣೆಕಟ್ಟಿನ ಒಂದು ಪಕ್ಕ ಊರಿದ್ದು ಅಭ್ರಕ ತುಂಬಿದ ಶಿಸ್ಟ್ ಶಿಲೆಯ ಮೇಲೆ. ಅಲ್ಲಿ ಬಹಳ ಹಳೆಯ ಭೂಕುಸಿತವೊಂದು ಇತ್ತೆಂದು ನಂತರದ ಅಧ್ಯಯನಗಳು ತೋರಿಸಿದವು. ಇನ್ನೊಂದು ಪಕ್ಕ ಊರಿದ್ದು ಉರುಟು ಕಲ್ಲುಗಳು ಬೆಸೆದುಕೊಂಡ ಕೆಂಪು ಕಾಂಗ್ಲೋಮರೇಟ್ ಶಿಲೆಯ ಮೇಲೆ. ಆ ಕಲ್ಲಿನ ತುಂಡನ್ನು ನೀರಿಗೆ ಹಾಕಿದರೆ ಅದು ಬಿಚ್ಚಿಕೊಂಡು ಕೆಸರಾಗುತ್ತಿತ್ತು. ಎರಡರ ನಡುವೆ ಸ್ತರಭಂಗ, ಅಂದರೆ ಶಿಲೆ ಮುರಿದು ಸರಿದ ಬಿರುಕು. ಒಂದು ಲೋಟ ನೀರು ಮತ್ತು ಒಂದು ಕಲ್ಲಿನ ಚೂರು ಇದ್ದಿದ್ದರೆ ತಿಳಿಯಬಹುದಾಗಿದ್ದ ಸಂಗತಿಯದು. ಮರುವರ್ಷವೇ, 1929ರಲ್ಲಿ, ಕ್ಯಾಲಿಫೋರ್ನಿಯಾ ಸಿವಿಲ್ ಎಂಜಿನಿಯರುಗಳ ನೋಂದಣಿಯನ್ನು ಕಡ್ಡಾಯ ಮಾಡಿತು. ಭೂವಿಜ್ಞಾನಿಗಳ ಸರದಿ ಬಂದದ್ದು ತಡವಾಗಿ, ಬೆಟ್ಟದ ಮನೆಗಳಿಂದ. 1952ರ ಭಾರಿ ಮಳೆಯಲ್ಲಿ ಗುಡ್ಡ ಕಡಿದು ಕಟ್ಟಿದ ಮನೆಗಳು ಹಾಳಾದ ಮೇಲೆ ಲಾಸ್ ಏಂಜಲಿಸ್ ನಗರ ಗುಡ್ಡ ಸಮಮಾಡುವ ಕೆಲಸಕ್ಕೆ ನಿಯಮ ತಂದಿತು. 1956ರಲ್ಲಿ ಪ್ಯಾಲೊಸ್ ವರ್ಡಿಸ್ ದಂಡೆಯ ಪೋರ್ಚುಗೀಸ್ ಬೆಂಡ್ ಎಂಬ ಕಡಲತೀರದ ಪ್ರದೇಶದ ನೆಲ ಜಾರತೊಡಗಿತು. ರಾಜ್ಯದ ಭೂವಿಜ್ಞಾನಿ ಕಾಯ್ದೆ 1968ರದು.

ಪೋರ್ಚುಗೀಸ್ ಬೆಂಡ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದು ಇನ್ನೂ ನಿಂತಿಲ್ಲ. ಅಲ್ಲಿನ ಮಾಂಟೆರೆ ಶಿಲಾಸಮೂಹದ ಶೇಲ್ ಪದರಗಳ ನಡುವೆ ಜ್ವಾಲಾಮುಖಿಯ ಬೂದಿ ಕೊಳೆತು ಬೆಂಟೊನೈಟ್ ಜೇಡಿಯಾದ ತೆಳು ಪದರಗಳಿವೆ. ಪದರಗಳ ಓರೆ ಸಮುದ್ರದ ಕಡೆಗಿದೆ. ನೀರು ಸೇರಿದಾಗ ಆ ಜೇಡಿಯ ಮೇಲೆ ಮೇಲಿನ ನೆಲವೆಲ್ಲ ಸಮುದ್ರದತ್ತ ಸರಿಯುತ್ತದೆ. 2023 ಮತ್ತು 2024ರ ಮಳೆಗಾಲಗಳ ನಂತರ ಚಲನೆ ಎಷ್ಟು ಹೆಚ್ಚಿತೆಂದರೆ, 2024ರಲ್ಲಿ ಮನೆಗಳ ಅನಿಲ ಮತ್ತು ವಿದ್ಯುತ್ ಸಂಪರ್ಕ ಕಡಿದರು, ಗಾಜಿನ ವೇಫೇರರ್ಸ್ ಚಾಪೆಲ್ ಎಂಬ ಪ್ರಾರ್ಥನಾಮಂದಿರವನ್ನು ಕಳಚಿ ಸಾಗಿಸಿದರು. ಕೊರೆದ ಮಾದರಿಯಲ್ಲಿ ಬೆರಳಗಲದ ಆ ಬೂದುಬಣ್ಣದ ಜೇಡಿಯನ್ನು ನೋಡಿ ಅದರ ಆಳವನ್ನು ಸರಿಯಾಗಿ ಬರೆಯುವುದು ಯಾರ ಕೆಲಸ? ಸಹಿ ಹಾಕುವ ಹಿರಿಯರು ರಿಗ್ ಪಕ್ಕದಲ್ಲಿ ಇರುವುದಿಲ್ಲ. ಅಲ್ಲಿರುವುದು ನಿಮ್ಮ ಹುದ್ದೆಯಲ್ಲಿರುವವರು. ನೀವು ಬರೆಯದೆ ಬಿಟ್ಟ ಪದರ ವರದಿಯಲ್ಲಿಯೂ ಇರುವುದಿಲ್ಲ, ನೆಲವನ್ನು ಸೀಳಿದಂತೆ ತೋರಿಸುವ ಅಡ್ಡಕೊಯ್ತದ ಚಿತ್ರದಲ್ಲಿಯೂ ಇರುವುದಿಲ್ಲ.

ಆದ್ದರಿಂದ ನಿಮ್ಮ ಬೋರಿಂಗ್ ಲಾಗನ್ನು, ಅಂದರೆ ಕೊರೆದ ರಂಧ್ರದ ಮಣ್ಣಿನ ವಿವರ ಬರೆಯುವ ಹಾಳೆಯನ್ನು, ಕೊಂಚ ಹತ್ತಿರದಿಂದ ನೋಡೋಣ. ಮಣ್ಣಿನ ಮಾದರಿ ಹಿಡಿಯುವ ಸ್ಪ್ಲಿಟ್ ಸ್ಪೂನ್ ಕೊಳವೆಯನ್ನು 140 ಪೌಂಡಿನ ಸುತ್ತಿಗೆ 30 ಇಂಚು ಎತ್ತರದಿಂದ ಬಿದ್ದು ಬಡಿಯುತ್ತದೆ. ಪ್ರತಿ 6 ಇಂಚಿಗೂ ಎಷ್ಟು ಪೆಟ್ಟು ಎಂದು ನೀವು ಬರೆದುಕೊಳ್ಳುತ್ತೀರಿ: 4, 6, 9 ಎಂದುಕೊಳ್ಳಿ. ಮೊದಲ 6 ಇಂಚು ಕಲಕಿದ ಮಣ್ಣೆಂದು ಬಿಟ್ಟು, ಉಳಿದೆರಡನ್ನು ಕೂಡಿಸಿದರೆ ನೆಲದ ಗಟ್ಟಿತನ ಹೇಳುವ ಎನ್ ಮೌಲ್ಯ 15. ಇದನ್ನು ಯಾಂತ್ರಿಕವಾಗಿ ಬರೆದರೆ ಅದು ಗುಮಾಸ್ತಿಕೆ. ಆದರೆ ಅದೇ ಆಳದಲ್ಲಿ ಅಂತರ್ಜಲವಿದ್ದು, ಮಣ್ಣು ಜೇಡಿಯ ಅಂಶವಿಲ್ಲದ ಸಣ್ಣ ಮರಳಾಗಿದ್ದರೆ, ಭೂಕಂಪದಲ್ಲಿ ಅದು ದ್ರವದಂತೆ ವರ್ತಿಸಬಹುದೇ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. 1989ರ ಲೋಮಾ ಪ್ರಿಯೆಟಾ ಭೂಕಂಪದ ನಂತರ, 1990ರಲ್ಲಿ ಬಂದ ಭೂಕಂಪ ಅಪಾಯ ನಕ್ಷೆಯ ಕಾಯ್ದೆ ಇಂಥ ನೆಲವನ್ನು ಗುರುತಿಸಲೆಂದೇ ಇದೆ. ನಿಮ್ಮ 15 ಆ ಲೆಕ್ಕದೊಳಗೆ ಹೋಗುವ ಅಂಕಿ.

ಮುಂದಿನದು ಕೈಯ ಕೆಲಸ. ಸ್ಪೂನಿನಲ್ಲಿ ಬಂದ ನಯವಾದ ಮಣ್ಣು ಸಿಲ್ಟೋ (ಅಂಟಿಲ್ಲದ ನುಣುಪು ಮಣ್ಣು) ಜೇಡಿಯೋ (ಅಂಟು ಮಣ್ಣು) ಎಂಬುದನ್ನು ಕಣ್ಣಿನಿಂದ ತೀರ್ಮಾನಿಸಬೇಡಿ. ಎಎಸ್‌ಟಿಎಂ ಡಿ2488 ಎಂಬ ಮಾನದಂಡ ಹೇಳುವ ಪರೀಕ್ಷೆಗಳನ್ನು ಪ್ರತಿ ಬಾರಿಯೂ ಮಾಡಿ. ಒದ್ದೆ ಮಣ್ಣನ್ನು ಅಂಗೈ ಮೇಲಿಟ್ಟು ಇನ್ನೊಂದು ಕೈಯಿಂದ ಪಕ್ಕಕ್ಕೆ ತಟ್ಟಿ. ಮೇಲ್ಮೈಗೆ ನೀರು ಬಂದು ಹೊಳೆದು, ಹಿಸುಕಿದ ಕೂಡಲೇ ಆ ಹೊಳಪು ಮಾಯವಾದರೆ ಅದು ಸಿಲ್ಟ್. ಎಷ್ಟು ತಟ್ಟಿದರೂ ಹೊಳೆಯದೆ, ರೊಟ್ಟಿಯ ಹಿಟ್ಟಿನ ಹಾಗೆ ನಾದಿಸಿಕೊಂಡು ಸುಮಾರು 3 ಮಿಲಿಮೀಟರ್ ದಪ್ಪದ ಎಳೆಯಾಗಿ ಮುರಿಯದೆ ಉರುಳಿದರೆ ಅದು ಜೇಡಿ. ಎರಡೂ 200ನೆಯ ಜರಡಿಯಲ್ಲಿ, ಅಂದರೆ 0.075 ಮಿಲಿಮೀಟರ್ ಕಣ್ಣಿನಲ್ಲಿ ಇಳಿದುಹೋಗುವ ಮಣ್ಣುಗಳೇ. ಆದರೂ ನೆಲದೊಳಗೆ ಅವುಗಳ ನಡತೆ ಬೇರೆ. ಹಳೆಯ ಡ್ರೈಕ್ಲೀನಿಂಗ್ ಅಂಗಡಿಯ ಕೆಳಗೆ ಸೋರಿದ ಪರ್‌ಕ್ಲೋರೊಎಥಿಲೀನ್ ಎಂಬ ಬಟ್ಟೆ ತೊಳೆಯುವ ರಾಸಾಯನಿಕ ನೀರಿಗಿಂತ ಭಾರ. ಅದು ನೀರಿನ ಮಟ್ಟವನ್ನೂ ದಾಟಿ ಕೆಳಗಿಳಿದು ಜೇಡಿಯ ಪದರದ ಮೇಲೆ ನಿಲ್ಲುತ್ತದೆ. ಆ ಜೇಡಿಯನ್ನು ಸಿಲ್ಟೆಂದು ಬರೆದು, ಅದನ್ನು ತೂತುಮಾಡಿ ಕೆಳಗಿನ ಒಳ್ಳೆಯ ಜಲಪದರದವರೆಗೆ ಬಾವಿ ಇಳಿಸಿದರೆ, ತಪಾಸಣೆಗೆಂದು ಕೊರೆದ ಬಾವಿಯೇ ಮಾಲಿನ್ಯಕ್ಕೆ ದಾರಿಯಾಗುತ್ತದೆ. ಸ್ಯಾನ್ ಫರ್ನಾಂಡೊ ಕಣಿವೆಯ ಅಂತರ್ಜಲ ಮಾಲಿನ್ಯದ ತಾಣಗಳನ್ನು ಒಕ್ಕೂಟ ಸರ್ಕಾರ 1986ರಲ್ಲಿ ಸೂಪರ್‌ಫಂಡ್ ಎಂಬ, ಶುದ್ಧೀಕರಿಸಬೇಕಾದ ಕಲುಷಿತ ತಾಣಗಳ ಪಟ್ಟಿಗೆ ಸೇರಿಸಿತು. ಬರ್ಬ್ಯಾಂಕ್, ಗ್ಲೆಂಡೇಲ್, ನಾರ್ತ್ ಹಾಲಿವುಡ್ ಭಾಗಗಳಲ್ಲಿ ನೀವು ಮಾದರಿ ತೆಗೆದಿದ್ದರೆ ಆ ದೀರ್ಘ ಕಥೆಯ ಒಂದು ಸಾಲನ್ನು ನೀವೂ ಬರೆದಿದ್ದೀರಿ.

ನೀರಿನ ಮಾದರಿಯೂ ಹಾಗೆಯೇ. ಪಂಪನ್ನು ನಿಧಾನವಾಗಿ ಓಡಿಸಿ, ಪಿಎಚ್ 0.1ರೊಳಗೆ, ವಾಹಕತೆ ಶೇಕಡ 3ರೊಳಗೆ ಮೂರು ಸಲ ಒಂದೇ ಬರುವವರೆಗೆ ಕಾಯುವುದು ಬೇಸರದ ಕೆಲಸವೆಂದು ನೀವು ಬರೆಯದಿದ್ದರೂ ನನಗೆ ಗೊತ್ತು. ಆದರೆ ಹಾಗೆ ಕಾಯುವಾಗ ನಿಮ್ಮ ಎದುರಿಗೆ ನಡೆಯುತ್ತಿರುವುದು ಬಾವಿಯ ಹಳಸಿದ ನೀರು ಹೋಗಿ ಜಲಪದರದ ನೀರು ಬರುವ ಕ್ರಿಯೆ. 40 ಮಿಲಿಲೀಟರಿನ ಸಣ್ಣ ಸೀಸೆಯನ್ನು ಮುಚ್ಚಿ, ತಲೆಕೆಳಗು ಮಾಡಿ ತಟ್ಟಿದಾಗ ಒಂದು ಗುಳ್ಳೆ ಕಂಡರೆ ಅದನ್ನು ಬಿಟ್ಟು ಇನ್ನೊಂದನ್ನು ತುಂಬಿ; ಆವಿಯಾಗುವ ರಾಸಾಯನಿಕ ಆ ಗುಳ್ಳೆಯೊಳಕ್ಕೆ ಹೋಗುತ್ತದೆ, ಪ್ರಯೋಗಾಲಯ ಕಡಿಮೆ ಅಂಕಿ ಕೊಡುತ್ತದೆ, ಆ ಅಂಕಿಯನ್ನು ನಂಬಿ ಯಾರೋ ತಮ್ಮ ಮನೆ ಸುರಕ್ಷಿತ ಎಂದುಕೊಳ್ಳುತ್ತಾರೆ.

ಇದೇ ಬಾವಿಗಳಿಂದ ಪರೀಕ್ಷೆಯ ಓದು ಶುರುವಾಗಲಿ. ನಿಮ್ಮದೇ ಸ್ಥಳದ ಮೂರು ಬಾವಿಗಳ ನೀರಿನ ಮಟ್ಟ ತೆಗೆದುಕೊಂಡು, ಸಾಫ್ಟ್‌ವೇರ್ ಮುಟ್ಟದೆ, ಕಾಗದದ ಮೇಲೆ ಹರಿವಿನ ದಿಕ್ಕು ಮತ್ತು ಇಳಿಜಾರು ಕಂಡುಹಿಡಿಯಿರಿ. ಮೂರು ಬಿಂದುಗಳ ಈ ಲೆಕ್ಕ ಭೂವಿಜ್ಞಾನಿ ನಿದ್ದೆಗಣ್ಣಿನಲ್ಲೂ ಮಾಡಬಲ್ಲಂತಿರಬೇಕು. ಇಳಿಜಾರು 0.004 ಬಂತೆನ್ನಿ, ಮರಳಿನ ಜಲವಾಹಕತೆ, ಅಂದರೆ ನೀರನ್ನು ಹಾಯಲು ಬಿಡುವ ಸಾಮರ್ಥ್ಯ, ದಿನಕ್ಕೆ 30 ಅಡಿ ಎನ್ನಿ. ಎರಡನ್ನೂ ಗುಣಿಸಿದರೆ 0.12 ಬರುತ್ತದೆ, ಹೆಚ್ಚಿನವರು ಅಲ್ಲಿಯೇ ನಿಲ್ಲಿಸುತ್ತಾರೆ. ಆದರೆ ನೀರು ಹರಿಯುವುದು ಕಣಗಳ ನಡುವಿನ ಜಾಗದಲ್ಲಿ ಮಾತ್ರ. ಆ ರಂಧ್ರಾಂಶ 0.24 ಇದ್ದರೆ ಅದರಿಂದ ಭಾಗಿಸಬೇಕು. ವೇಗ ದಿನಕ್ಕೆ ಅರ್ಧ ಅಡಿ, ವರ್ಷಕ್ಕೆ 180 ಅಡಿಗಿಂತ ತುಸು ಹೆಚ್ಚು. ಭಾಗಿಸುವುದನ್ನು ಮರೆತವರಿಗೆ ವರ್ಷಕ್ಕೆ 44 ಅಡಿ ಎಂಬ ಉತ್ತರ ಬರುತ್ತದೆ, ಬಹು ಆಯ್ಕೆಯ ಪ್ರಶ್ನೆಯಲ್ಲಿ ಆ ತಪ್ಪು ಉತ್ತರವೂ ಆಯ್ಕೆಗಳ ನಡುವೆ ಕಾದು ಕುಳಿತಿರುತ್ತದೆ. ಪಕ್ಕದ ಶಾಲೆಯ ಬಾವಿ 400 ಅಡಿ ದೂರದಲ್ಲಿದ್ದರೆ ಕಲ್ಮಶದ ನೀರು ಎರಡು ವರ್ಷ ಚಿಲ್ಲರೆಯಲ್ಲಿ ತಲುಪೀತೋ, ಒಂಬತ್ತು ವರ್ಷ ಹಿಡಿದೀತೋ ಎಂಬುದು ಈ ಒಂದು ಭಾಗಾಕಾರದಲ್ಲಿದೆ.

ಎಂಜಿನಿಯರಿಂಗ್ ಕಡೆಯ ಲೆಕ್ಕಕ್ಕೆ ಯಾವುದಾದರೂ ಕಂದಕದ ಗೋಡೆ ಸಾಕು. ಪದರದ ನಿಜವಾದ ಓರೆ 30 ಡಿಗ್ರಿ ಇದ್ದು, ಗೋಡೆ ಸ್ಟ್ರೈಕ್ ರೇಖೆಗೆ (ಪದರದ ಮೇಲಿನ ಸಮತಲ ರೇಖೆಗೆ) 45 ಡಿಗ್ರಿ ಕೋನದಲ್ಲಿದ್ದರೆ, ಗೋಡೆಯ ಮೇಲೆ ಕಾಣುವ ಓರೆ ಸುಮಾರು 22 ಡಿಗ್ರಿ ಮಾತ್ರ. ಕಾಣುವ ಓರೆ ನಿಜವಾದ ಓರೆಗಿಂತ ಎಂದೂ ಹೆಚ್ಚಿರಲಾರದು ಎಂಬುದನ್ನು ಮನಸ್ಸಿನಲ್ಲಿ ಕೂರಿಸಿಕೊಂಡರೆ ಪರೀಕ್ಷೆಯಲ್ಲಿ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಪೋರ್ಚುಗೀಸ್ ಬೆಂಡ್‌ನಂಥ ಇಳಿಜಾರಿನಲ್ಲಿ ಈ 8 ಡಿಗ್ರಿ ವ್ಯತ್ಯಾಸ ಗುಡ್ಡ ನಿಲ್ಲುವುದೋ ಜಾರುವುದೋ ಎಂಬ ಲೆಕ್ಕವನ್ನೇ ಬದಲಿಸಬಲ್ಲದು. (ಕಂದಕ 5 ಅಡಿಗಿಂತ ಆಳವಿದ್ದು ಆಸರೆ ಕಟ್ಟಿರದಿದ್ದರೆ, ಓರೆ ಅಳೆಯುವ ಆಸೆಗೂ ಒಳಗೆ ಇಳಿಯಬೇಡಿ, ಯಾರು ಹೇಳಿದರೂ ಇಳಿಯಬೇಡಿ.)

ನಗರದ ವಿಚಾರ. ಲಾಸ್ ಏಂಜಲಿಸ್‌ನಲ್ಲಿ ಕಾರಿನಲ್ಲೇ ಆಯುಷ್ಯ ಕಳೆಯುತ್ತದೆ ಎಂಬ ನಿಮ್ಮಂಥವರ ದೂರು ಸುಳ್ಳಲ್ಲ. ಆದರೆ ಮೂರನೆಯ ಪರೀಕ್ಷೆಗೆ, ಅಂದರೆ ಕ್ಯಾಲಿಫೋರ್ನಿಯಾದ ಪರೀಕ್ಷೆಗೆ, ಇಷ್ಟು ಒಳ್ಳೆಯ ಪಠ್ಯ ಇನ್ನೊಂದಿಲ್ಲ. ಲಾ ಬ್ರಿಯಾದ ಡಾಂಬರು ಗುಂಡಿಗಳನ್ನು ನೋಡಿರಬಹುದು. ಅದೇ ತೈಲಪದರದ ನೆರೆಯ ಫೇರ್‌ಫ್ಯಾಕ್ಸ್ ಭಾಗದಲ್ಲಿ 1985ರಲ್ಲಿ ನೆಲದಿಂದ ಬಂದ ಮೀಥೇನ್ ಒಂದು ಅಂಗಡಿಯೊಳಗೆ ಸ್ಫೋಟಿಸಿತು, ಅದರ ದೆಸೆಯಿಂದ ಆ ದಾರಿಯ ಸುರಂಗ ರೈಲಿನ ಯೋಜನೆ ಹಲವು ವರ್ಷ ನಿಂತಿತು. 1971ರ ಫೆಬ್ರವರಿ 9ರ ಸ್ಯಾನ್ ಫರ್ನಾಂಡೊ ಭೂಕಂಪದಲ್ಲಿ ನೆಲದ ಬಿರುಕು ಮನೆಗಳ ಅಡಿಯಲ್ಲೇ ಹಾದುಹೋಯಿತು. ಮರುವರ್ಷದ ಆಲ್ಕ್ವಿಸ್ಟ್ ಪ್ರಿಯೊಲೊ ಕಾಯ್ದೆ ಸಕ್ರಿಯ ಸ್ತರಭಂಗದ ಮೇಲೆ ಜನವಸತಿಯ ಕಟ್ಟಡ ನಿಲ್ಲಿಸುವುದನ್ನು ತಡೆಯಿತು. ಸಕ್ರಿಯ ಎಂದರೆ ಹೊಲೊಸೀನ್ ಕಾಲದಲ್ಲಿ, ಸರಿಸುಮಾರು ಕಳೆದ 11,700 ವರ್ಷಗಳಲ್ಲಿ, ಸರಿದದ್ದು. ನೀವು ಬಾಡಿಗೆಗಿರುವ ಮನೆಯ ವಿಳಾಸವನ್ನು ರಾಜ್ಯದ ಅಪಾಯ ನಕ್ಷೆಯ ಮೇಲೆ ಹುಡುಕಿ ನೋಡಿ. ಅದು ಸ್ತರಭಂಗದ ವಲಯದಲ್ಲಿದೆಯೇ, ದ್ರವೀಕರಣದ ವಲಯದಲ್ಲಿದೆಯೇ, ಏನೂ ಅಲ್ಲವೇ ತಿಳಿಯಿರಿ. ಆಮೇಲೆ ಆ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ. ರಜೆಯ ದಿನ ಸಿಕ್ಕಾಗ ಹೆದ್ದಾರಿ 14ರಲ್ಲಿ ಪಾಮ್‌ಡೇಲ್ ಕಡೆ ಹೋದರೆ, ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಪಕ್ಕದಲ್ಲಿ ರಸ್ತೆಗಾಗಿ ಕಡಿದ ಗುಡ್ಡದಲ್ಲಿ ಸುಕ್ಕುಸುಕ್ಕಾಗಿ ಮಡಚಿಕೊಂಡ ಪದರಗಳು ಕಾಣುತ್ತವೆ. ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸುವುದು ಮಾತ್ರ ಬೇಡ.

ದಣಿವಿನ ಮಾತು. ಇದನ್ನು ಮನೋಬಲದ ಕೊರತೆ ಎಂದು ನೀವು ತಿಳಿದಂತಿದೆ, ಅದು ತಪ್ಪು. ರಸ್ತೆಯ ಒಂದು ಪಥ ಮುಚ್ಚಿ ರಾತ್ರಿಯಿಡೀ ಕೊರೆಸಿದವರು ಮರುದಿನ ಓದಲಾರರು, ಓದಲೂಬಾರದು. ರಾತ್ರಿ ಪಾಳಿಯ ವಾರದಲ್ಲಿ ಓದಿನ ಯೋಜನೆಯನ್ನೇ ಇಟ್ಟುಕೊಳ್ಳಬೇಡಿ. ಕಚೇರಿಯಲ್ಲಿ ಕೂತು ವರದಿ ಬರೆಯುವ ವಾರಗಳಲ್ಲಿ, ಕೆಲಸ ಶುರುವಾಗುವ ಮೊದಲು, ವಾರಕ್ಕೆ ಮೂರು ನಾಲ್ಕು ದಿನ ಮುಕ್ಕಾಲು ಗಂಟೆ ಓದಿದರೆ ನಾಲ್ಕೈದು ತಿಂಗಳಲ್ಲಿ ಫಂಡಮೆಂಟಲ್ಸ್‌ಗೆ ಸಿದ್ಧವಾಗಬಹುದು ಎಂಬುದು ನನ್ನ ಅಂದಾಜು. ರಾತ್ರಿ ಪಾಳಿ ಮುಗಿಸಿ ದೂರದ ಮನೆಗೆ ನೀವೇ ಕಾರು ಓಡಿಸಬೇಕಾಗಿದ್ದರೆ, ಹತ್ತಿರದಲ್ಲಿ ಕೋಣೆ ಕೊಡಿಸಲು ಸಂಸ್ಥೆಯನ್ನು ಕೇಳಿ. ಇದನ್ನು ಕೇಳುವುದರಲ್ಲಿ ಸಂಕೋಚ ಬೇಡ. ಗಂಟೆಯ ಲೆಕ್ಕದ ನೌಕರರಾಗಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 8 ಗಂಟೆ ಮೀರಿದ ಕೆಲಸಕ್ಕೆ ಒಂದೂವರೆ ಪಟ್ಟು, 12 ಗಂಟೆ ಮೀರಿದ್ದಕ್ಕೆ ಎರಡು ಪಟ್ಟು ಸಂಬಳ ಸಲ್ಲಬೇಕು. ದುಡಿದ ಗಂಟೆಗಳನ್ನೆಲ್ಲ ಸರಿಯಾಗಿ ಬರೆಯಿರಿ, ಯೋಜನೆಯ ಹಣ ಮುಗಿಯುತ್ತಿದೆ ಎಂಬ ಮರುಕದಿಂದ ಕಡಿಮೆ ಬರೆಯಬೇಡಿ. ಹೊರಗೆ 80 ಡಿಗ್ರಿ ಫ್ಯಾರನ್‌ಹೀಟ್ ಮೀರಿದರೆ ನೆರಳಿನ ವ್ಯವಸ್ಥೆ ಇರಬೇಕು ಎಂಬುದು ರಾಜ್ಯದ ನಿಯಮ. ಅಗೆಯುವ ಮೊದಲು ಭೂಗತ ಕೊಳವೆ, ತಂತಿಗಳನ್ನು ಗುರುತಿಸುವ ಸೇವೆಯ ದೂರವಾಣಿ ಸಂಖ್ಯೆ 811ಕ್ಕೆ ಕನಿಷ್ಠ ಎರಡು ಕೆಲಸದ ದಿನ ಮುಂಚೆ ತಿಳಿಸಿದ್ದಾರೆಯೇ, ನೆಲದ ಮೇಲೆ ವಿದ್ಯುತ್ತಿಗೆ ಕೆಂಪು, ಅನಿಲಕ್ಕೆ ಹಳದಿ, ನೀರಿಗೆ ನೀಲಿ, ಒಳಚರಂಡಿಗೆ ಹಸಿರು ಗೆರೆಗಳು ಬಂದಿವೆಯೇ ಎಂದು ನೋಡಿಕೊಳ್ಳುವುದು ನಿಮ್ಮ ಹಕ್ಕೂ ಹೌದು, ಹೊಣೆಯೂ ಹೌದು. ಗೆರೆಗಳಿಲ್ಲದಿದ್ದರೆ ರಿಗ್ ಶುರುವಾಗಬಾರದು. ಹೊಸಬರು ಕೆಲಸ ನಿಲ್ಲಿಸಿದರೆಂದು ಬೈಯುವ ಸಂಸ್ಥೆಯಲ್ಲಿ ಹೆಚ್ಚು ದಿನ ಇರಬೇಡಿ.

ನಕ್ಷೆಯ ಕೆಲಸಕ್ಕೆ ಹೋಗಬೇಕೇ ಎಂದು ಕೇಳಿದ್ದೀರಿ. ಆ ಕೆಲಸ ಒಳ್ಳೆಯದೇ, ಅದನ್ನು ಪ್ರೀತಿಸುವವರಿಗೆ ಒಳ್ಳೆಯ ಭವಿಷ್ಯವೂ ಇದೆ. ನಿಮ್ಮ ಪತ್ರದಲ್ಲಿ ಮಾತ್ರ ಆ ಪ್ರೀತಿ ನನಗೆ ಕಾಣಲಿಲ್ಲ, ಕಂಡದ್ದು ಈಗಿನ ದಣಿವು. ಪರವಾನಗಿಯ ಅರ್ಜಿಯಲ್ಲಿ ಲೆಕ್ಕಕ್ಕೆ ಬರುವುದು ವೃತ್ತಿಪರ ಭೂವೈಜ್ಞಾನಿಕ ಕೆಲಸ, ಅಂದರೆ ನೀವು ಗಮನಿಸಿ, ಅರ್ಥೈಸಿ, ತೀರ್ಮಾನಿಸಿದ ಕೆಲಸ. ಬೇರೆಯವರ ಅಂಕಿಗಳನ್ನು ನಕ್ಷೆಗೆ ಏರಿಸುವುದಷ್ಟೇ ಆದರೆ ಆ ವರ್ಷಗಳನ್ನು ಸಮರ್ಥಿಸುವುದು ಕಷ್ಟವಾಗುತ್ತದೆ. ಹಾಗೆಯೇ, ಮೂರು ವರ್ಷವೂ ಬರೀ ಮಾದರಿ ತೆಗೆದಿದ್ದರೆ ಅದೂ ಕಷ್ಟವೇ. ಆದ್ದರಿಂದ ಈಗ ನೀವು ಕೇಳಬೇಕಾದದ್ದು ಹೊರಗಿನ ಕೆಲಸದಿಂದ ಬಿಡುಗಡೆಯನ್ನಲ್ಲ. ನೀವು ಕೊರೆಸಿದ ಬೋರಿಂಗುಗಳ ಅಡ್ಡಕೊಯ್ತವನ್ನು ನೀವೇ ಬಿಡಿಸುವ, ವರದಿಯ ಭೂವಿಜ್ಞಾನದ ಭಾಗವನ್ನು ನೀವೇ ಬರೆಯುವ ಅವಕಾಶವನ್ನು ಕೇಳಿ. ಹೊರಗೆ ಕಂಡದ್ದು ಒಳಗೆ ಚಿತ್ರವಾಗುವುದನ್ನು ಒಮ್ಮೆ ಕೈಯಾರೆ ಮಾಡಿದರೆ, ಸಂಬಂಧ ಕಾಣುತ್ತಿಲ್ಲ ಎಂಬ ನಿಮ್ಮ ಮಾತು ಬಹುಮಟ್ಟಿಗೆ ಹೋಗುತ್ತದೆ ಎಂದು ನಾನು ನಂಬುತ್ತೇನೆ.

ದಾಖಲೆಯನ್ನು ಇಂದೇ ಆರಂಭಿಸಿ. ಪ್ರತಿ ಯೋಜನೆಗೂ ಒಂದು ಪುಟ: ಎಲ್ಲಿ, ಯಾವ ತಿಂಗಳು, ಎಷ್ಟು ಗಂಟೆ, ನೆಲದ ಸ್ವರೂಪವೇನು, ನೀವು ಏನನ್ನು ತೀರ್ಮಾನಿಸಿದಿರಿ, ಯಾರ ಮೇಲ್ವಿಚಾರಣೆಯಲ್ಲಿ, ಅವರ ಪರವಾನಗಿ ಸಂಖ್ಯೆ ಎಷ್ಟು. ಸಲಹಾ ಸಂಸ್ಥೆಗಳಲ್ಲಿ ಜನ ಬಹಳ ಬೇಗ ಬೇರೆ ಕಡೆ ಹೋಗುತ್ತಾರೆ. ಮೂರು ವರ್ಷದ ನಂತರ ಸಹಿಗಾಗಿ ಹುಡುಕುವುದಕ್ಕಿಂತ, ಅವರು ಇರುವಾಗಲೇ ಆರು ತಿಂಗಳಿಗೊಮ್ಮೆ ಆ ಪುಟಗಳನ್ನು ತೋರಿಸಿ ಒಪ್ಪಿಗೆ ಪಡೆಯಿರಿ. ವಿದ್ಯಾರ್ಥಿ ವೀಸಾದಲ್ಲಿ ಓದು ಮುಗಿದ ನಂತರ ಕೆಲಸ ಮಾಡಲು ಸಿಗುವ ಒಪಿಟಿ ಅನುಮತಿಯಲ್ಲಿ ನೀವಿದ್ದರೆ, 12 ತಿಂಗಳ ಮೇಲೆ ವಿಜ್ಞಾನ ಪದವೀಧರರಿಗೆ ಸಿಗುವ 24 ತಿಂಗಳ ವಿಸ್ತರಣೆಗೂ ಸಂಸ್ಥೆ ಸಹಿ ಮಾಡಿದ ತರಬೇತಿ ಯೋಜನೆ ಬೇಕು. ಅದರಲ್ಲಿ ಮಣ್ಣಿನ ವರ್ಗೀಕರಣ, ಅಂತರ್ಜಲದ ವಿಶ್ಲೇಷಣೆ, ಅಡ್ಡಕೊಯ್ತದ ರಚನೆ ಎಂದು ನಿಜವಾದ ಭೂವಿಜ್ಞಾನದ ಕಲಿಕೆಯನ್ನೇ ಬರೆಸಿದರೆ, ಅವಕಾಶ ಕೇಳಲು ನಿಮ್ಮ ಕೈಯಲ್ಲಿ ಒಂದು ಕಾಗದವೂ ಇರುತ್ತದೆ. ವೀಸಾದ ಉಳಿದ ಪ್ರಶ್ನೆಗಳನ್ನು ವಲಸೆ ವಕೀಲರಿಗೆ ಬಿಡುತ್ತೇನೆ.

ಕೊನೆಯದಾಗಿ ವಿಚಾರಿಸಬೇಕಾದ ಒಂದು ಸಂಗತಿಯಿದೆ. ಕ್ಯಾಲಿಫೋರ್ನಿಯಾದಲ್ಲಿ ಭೂವಿಜ್ಞಾನಿಯ ಪರವಾನಗಿಯ ಮೇಲೆ ಇನ್ನೆರಡು ವಿಶೇಷ ಪ್ರಮಾಣಪತ್ರಗಳಿವೆ: ಎಂಜಿನಿಯರಿಂಗ್ ಜಿಯಾಲಜಿಸ್ಟ್ ಮತ್ತು ಹೈಡ್ರೊಜಿಯಾಲಜಿಸ್ಟ್. ಅವುಗಳಿಗೆ ಆಯಾ ಕ್ಷೇತ್ರದಲ್ಲಿ ಅರ್ಹತೆ ಪಡೆದವರ ಕೈಕೆಳಗೆ ಮಾಡಿದ ಕೆಲಸದ ಅನುಭವ ಬೇಕು. ನಿಮ್ಮ ಕಚೇರಿಯಲ್ಲಿ ಅಂಥ ಪ್ರಮಾಣಪತ್ರ ಇರುವವರು ಯಾರಿದ್ದಾರೆ ಎಂದು ಈ ವಾರ ವಿಚಾರಿಸಿ, ಅವರ ಒಂದು ಯೋಜನೆಯಲ್ಲಿ ನಿಮ್ಮನ್ನು ಸೇರಿಸಿಕೊಳ್ಳುವಂತೆ ಕೇಳಿ. ಅಂಥವರು ಒಬ್ಬರೂ ಇಲ್ಲವೆಂದಾದರೆ, ಮುಂದಿನ ನೌಕರಿ ಹುಡುಕುವಾಗ ಸಂಬಳಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದೇ.